ಡೆರಿಯ ನಗೆಯನ್ನು ಕಿವಿಗೆ ಮುಟ್ಟಿಸುವ ಬಗೆ

ಪ್ರಶ್ನೆ: ಪ್ರಾದೇಶಿಕ ಟೆಲಿವಿಷನ್ ಹಾಸ್ಯವು ಪರದೇಶಗಳಿಗೂ ಸಲ್ಲುವುದು ಹೇಗೆ? ಇದನ್ನು ಕುರಿತು ವಿದ್ಯಾರ್ಥಿಗಳು ಬಾನುಲಿ ರೂಪಕವನ್ನು ಹೆಣೆಯಬೇಕಾದರೆ ಎಲ್ಲಿಂದ ತೊಡಗಬೇಕು?

ಉತ್ತರ: ಒಂದೇ ಕೃತಿಯನ್ನು ಹಿಡಿದು ಆಳಕ್ಕಿಳಿಯುವುದು ಲೇಸೆಂದು ನನ್ನ ಮತ. ಉತ್ತರ ಐರ್ಲೆಂಡಿನ ಡೆರಿ ನಗರದವರೇ ಆದ ಲೀಸಾ ಮೆಗೀ ರಚಿಸಿದ, 2018ರಿಂದ 2022ರವರೆಗೆ ಬ್ರಿಟನ್ನಿನ ಚಾನೆಲ್ 4 ಪ್ರಸಾರಮಾಡಿದ ‘ಡೆರಿ ಗರ್ಲ್ಸ್’ ಇದಕ್ಕೆ ಉತ್ತಮ ನಿದರ್ಶನ. 1998ರ ಶಾಂತಿ ಒಪ್ಪಂದಕ್ಕೆ ಮುಂಚಿನ ವರ್ಷಗಳಲ್ಲಿ, ಬಾಂಬುಗಳ ಭೀತಿ, ಸೈನಿಕರ ತಪಾಸಣೆಗಳ ನಡುವೆಯೂ, ಪರೀಕ್ಷೆ, ಪ್ರಣಯ, ತಾಯಿಯ ಗದರಿಕೆಗಳೇ ಸಮಸ್ತ ಲೋಕವೆಂದು ಬಗೆದು ಬಾಳುವ ಶಾಲಾಬಾಲಕಿಯರ ಕಥೆಯದು. ಭೀತಿ ಆ ಊರಿನದಾದರೂ ಗದರಿಕೆ ಎಲ್ಲ ಮನೆಗಳದು. ಹುಡುಗಿಯರ ಆ ಶಾಲೆಗೇ ಸೇರಿದ ಇಂಗ್ಲೆಂಡಿನ ಹುಡುಗ ಜೇಮ್ಸ್, ತಾನರಿಯದುದನ್ನು ಕೇಳುತ್ತ, ಹೊರಗಿನ ಪ್ರೇಕ್ಷಕನ ಪ್ರತಿನಿಧಿಯಾಗಿ ನಿಲ್ಲುವಂತೆ ಮಾಡಿದ್ದು ಲೇಖಕಿಯ ಅಪೂರ್ವ ಕೌಶಲ. ಮುಂದೆ ನೆಟ್‌ಫ್ಲಿಕ್ಸ್ ಅದನ್ನು ದೇಶಾಂತರಗಳಿಗೆ ಒಯ್ದಿತು, ಉಪಶೀರ್ಷಿಕೆಗಳು ನೆರವಾದುವು.

ಬಾನುಲಿಗೆ ಉಪಶೀರ್ಷಿಕೆಯಿಲ್ಲ. ಆದುದರಿಂದ ನಿಮ್ಮ ರೂಪಕವು ವ್ಯಾಖ್ಯಾನದಿಂದಲ್ಲ, ಆ ಪಾತ್ರಗಳ ದನಿಯಿಂದಲೇ ತೆರೆಯಲಿ: ಅನುಮತಿ ಪಡೆದ ಕಿರುತುಣುಕೊಂದು, ಅದನ್ನು ಮೊದಲ ಬಾರಿ ಕೇಳಿದ ಗೆಳೆಯನ ಗೊಂದಲ, ಆ ಸೀಮೆಯ ನುಡಿಯನ್ನು ಬಲ್ಲವರೊಬ್ಬರ ವಿವರಣೆ, ಬಳಿಕ ಅದೇ ತುಣುಕು ಮತ್ತೊಮ್ಮೆ. ಎರಡನೆಯ ಸಲ ಗೆಳೆಯನು ನಕ್ಕನೋ ಇಲ್ಲವೋ, ಅದನ್ನೂ ಧ್ವನಿಮುದ್ರಿಸಿಕೊಳ್ಳಿರಿ.