ಗೋಸುಂಬೆ ಮರಿ ಸಾಕುವ ಆಸೆಯೇ? ಬೇಲಿ ಉಳಿಸಿ

ಮುಂಗಾರು ಹಿಡಿದು ರಾಗಿ ಪೈರು ಗೇಣುದ್ದ ಆಗುವ ಹೊತ್ತಿಗೆ ನಮ್ಮ ಕಡೆ ಬೇಲಿಗಳಲ್ಲಿ ಗೋಸುಂಬೆ ಮರಿ ಕಾಣಿಸಿಕೊಳ್ಳುತ್ತವೆ. ಕಿರುಬೆರಳಿನಷ್ಟು ಉದ್ದ, ಕಡ್ಡಿಯಷ್ಟು ಸಣಕಲು. ನೋಡಿದ ಹುಡುಗರಿಗೆ ಹಿಡಿಯುವ ಆಸೆ. "ದೊಡ್ಡಪ್ಪ, ಇದನ್ನ ಮನೇಲಿ ಸಾಕಬಹುದಾ, ಏನು ತಿನ್ನಿಸಬೇಕು?" ಎಂದು ಕೇಳುತ್ತಾರೆ.

ಮನೆಯಲ್ಲಿ ಸಾಕಬಾರದು, ಸಾಕಿದರೂ ಬದುಕೋದು ಕಷ್ಟ. ಆದರೆ ಬೇಲಿಯಲ್ಲೇ ಬಿಟ್ಟು ಸಾಕುವ ದಾರಿ ಒಂದಿದೆ. ಅದಕ್ಕೆ ಕಾಸು ಖರ್ಚಿಲ್ಲ. ಮಾಗಡಿ–ರಾಮನಗರದ ನಡುವೆ ಮೂರು ಎಕರೆ ಖುಷ್ಕಿ ಇಟ್ಟುಕೊಂಡು ರಾಗಿ, ಅವರೆ, ಹುರುಳಿ ಬೆಳೆಯುವ ನಾನು ಕಂಡದ್ದು, ತಿಳಿದವರಿಂದ ಕೇಳಿದ್ದು ಸೇರಿಸಿ ಬರೆದಿದ್ದೇನೆ.

ಓತಿಕ್ಯಾತ ಬೇರೆ, ಗೋಸುಂಬೆ ಬೇರೆ

ಎಷ್ಟೋ ಜನ ಎರಡನ್ನೂ ಒಂದೇ ಅಂದುಕೊಂಡಿದ್ದಾರೆ. "ಓತಿಕ್ಯಾತನಿಗೆ ಬೇಲಿ ಗೂಟ ಸಾಕ್ಷಿ" ಅನ್ನುವ ಗಾದೆಯಲ್ಲಿ ಬರುವವನು ಗೂಟದ ಮೇಲೆ ಕೂತು ತಲೆ ಆಡಿಸುತ್ತಾನೆ, ಮನುಷ್ಯರನ್ನು ಕಂಡರೆ ಸರ್ರನೆ ಓಡುತ್ತಾನೆ. ಗೋಸುಂಬೆ ಓಡೋಲ್ಲ. ಒಂದು ಹೆಜ್ಜೆ ಇಡಬೇಕಾದರೆ ಗಾಳಿಗೆ ಎಲೆ ಅಲ್ಲಾಡಿದ ಹಾಗೆ ಮೈ ಹಿಂದೆ ಮುಂದೆ ತೂಗುತ್ತದೆ. ಇದನ್ನೇ ಊಸರವಳ್ಳಿ ಅಂತಲೂ ಕರೆಯುತ್ತಾರೆ.

ಗುರುತು ಹಿಡಿಯುವುದು ಸುಲಭ. ಕಾಲ್ಬೆರಳುಗಳು ಎರಡು ಒಂದು ಕಡೆ, ಮೂರು ಒಂದು ಕಡೆ ಕೂಡಿಕೊಂಡು ಇಕ್ಕಳದಂತೆ ಕೊಂಬೆ ಹಿಡಿಯುತ್ತವೆ. ಬಾಲವೂ ಕೊಂಬೆಗೆ ಸುತ್ತಿಕೊಳ್ಳುತ್ತದೆ. ಕಣ್ಣು ಎರಡೂ ಬೇರೆ ಬೇರೆ ತಿರುಗುತ್ತವೆ, ಒಂದು ನಿಮ್ಮನ್ನು ನೋಡುವಾಗ ಇನ್ನೊಂದು ನೊಣವನ್ನು ನೋಡುತ್ತಿರುತ್ತದೆ. ನಾಲಿಗೆ ಮೈಗಿಂತ ಉದ್ದ. ಕಣ್ಣು ಮಿಟುಕಿಸುವುದರೊಳಗೆ ಹುಳು ಬಾಯೊಳಗೆ ಹೋಗಿರುತ್ತದೆ.

ಪ್ರಪಂಚದಲ್ಲಿ ಗೋಸುಂಬೆ ಜಾತಿಗಳು ಬಹಳ ಇವೆ, ಹೆಚ್ಚಿನವು ಆಫ್ರಿಕಾ ಮತ್ತು ಮಡಗಾಸ್ಕರ್ ದ್ವೀಪದಲ್ಲಿ. ನಮ್ಮ ದೇಶದಲ್ಲಿರುವುದು ಒಂದೇ ಜಾತಿ. ಅದು ನಮ್ಮ ಬೇಲಿಯಲ್ಲಿದೆ ಅನ್ನುವುದು ಸಣ್ಣ ಮಾತಲ್ಲ.

ವಿಷ ಇದೆ, ನೋಡಿದರೆ ಕೇಡು, ಉಸಿರು ತಾಗಿದರೆ ಕಾಯಿಲೆ ಅಂತೆಲ್ಲ ಹೇಳುತ್ತಾರೆ. ಒಂದೂ ನಿಜವಲ್ಲ. ಹೆದರಿದಾಗ ಮೈ ಉಬ್ಬಿಸಿ, ಬಾಯಿ ತೆರೆದು ಬುಸ್ ಅನ್ನುತ್ತದೆ. ಬೆರಳು ಕೊಟ್ಟರೆ ಕಚ್ಚಬಹುದು, ವಿಷ ಇಲ್ಲ. ಬಣ್ಣ ಬದಲಾಗುವುದು ಕೂತ ಜಾಗಕ್ಕೆ ಸರಿಯಾಗಿ ಅಲ್ಲ. ಬಿಸಿಲು, ಚಳಿ, ಹೆದರಿಕೆ, ಸಿಟ್ಟು, ಇವಕ್ಕೆ ತಕ್ಕಂತೆ. ಚರ್ಮದೊಳಗಿನ ಬಹಳ ಸಣ್ಣ ಹರಳುಗಳ ಅಂತರ ಹೆಚ್ಚು ಕಡಿಮೆ ಆಗಿ ಬಣ್ಣ ಬದಲಾಗುತ್ತದೆ ಎಂದು 2015ರಲ್ಲಿ ಜಿನೀವಾದ ವಿಜ್ಞಾನಿಗಳು ಮಡಗಾಸ್ಕರದ ಒಂದು ಜಾತಿಯಲ್ಲಿ ತೋರಿಸಿದರು. ಮರಿ ಕಪ್ಪಾಗಿ ಕಂಡರೆ ಅದಕ್ಕೆ ಚಳಿಯಾಗಿದೆ ಅಥವಾ ಹೆದರಿದೆ ಎಂದು ತಿಳಿಯಿರಿ.

ಮರಿಗೆ ಬೇಕಾದದ್ದು ಏನು?

ತಾಯಿ ಮರದಿಂದ ಇಳಿದು ಬಂದು, ಮೆದು ಮಣ್ಣಿನಲ್ಲಿ ಕಾಲಿನಿಂದ ಗುಳಿ ತೋಡಿ ಹತ್ತಿಪ್ಪತ್ತು ಮೊಟ್ಟೆ ಇಟ್ಟು ಮುಚ್ಚಿ ಹೋಗುತ್ತದೆ. ಮತ್ತೆ ತಿರುಗಿ ನೋಡೋಲ್ಲ. ಮೊಟ್ಟೆ ತಿಂಗಳುಗಟ್ಟಲೆ ಮಣ್ಣಲ್ಲೇ ಇರುತ್ತದೆ. ಹೊರಗೆ ಬಂದ ಮರಿ ತನ್ನ ಊಟ ತಾನೇ ಹುಡುಕಬೇಕು.

ಮೊದಲನೆಯದು ಜೀವಂತ ಹುಳು. ಸತ್ತದ್ದು, ಅಲ್ಲಾಡದ್ದು ಅದರ ಕಣ್ಣಿಗೆ ಊಟವಲ್ಲ. ಹುಳುವೂ ಸಣ್ಣದಿರಬೇಕು. ಎರಡು ಕಣ್ಣಿನ ನಡುವಿನ ಅಗಲಕ್ಕಿಂತ ದೊಡ್ಡದು ಬೇಡ ಅನ್ನುತ್ತಾರೆ ಬಲ್ಲವರು. ಗುಂಗುರು, ಸಣ್ಣ ನೊಣ, ಜಿಗಿಹುಳು, ಆಗತಾನೆ ಹುಟ್ಟಿದ ಮಿಡತೆ ಮರಿ ಆಗುತ್ತದೆ. ಒಂದೆರಡಲ್ಲ, ದಿನಕ್ಕೆ ಹತ್ತಾರು ಬೇಕು.

ಎರಡನೆಯದು ನೀರು. ಬಟ್ಟಲಲ್ಲಿ ಇಟ್ಟ ನೀರನ್ನು ಅದು ನೀರು ಅಂತ ಗುರುತಿಸುವುದೇ ಕಷ್ಟ. ಎಲೆಯ ಮೇಲಿನ ಇಬ್ಬನಿ, ಮಳೆ ಹನಿ ನೆಕ್ಕುತ್ತದೆ.

ಮೂರನೆಯದು ಬಿಸಿಲು. ಬೆಳಗಿನ ಬಿಸಿಲಿಗೆ ಮೈ ಒಡ್ಡಿ ಕಾವು ತೆಗೆದುಕೊಂಡ ಮೇಲೇ ಅದಕ್ಕೆ ಬೇಟೆ ಆಡಲು, ತಿಂದದ್ದು ಅರಗಿಸಲು ಶಕ್ತಿ. ಬಿಸಿಲಿನಿಂದಲೇ ಮೂಳೆ ಗಟ್ಟಿ. ಹಾಗೆಯೇ ಸುಡು ಬಿಸಿಲಾದಾಗ ಸರಿದುಕೊಳ್ಳಲು ನೆರಳೂ ಪಕ್ಕದಲ್ಲೇ ಇರಬೇಕು.

ನಾಲ್ಕನೆಯದು ಏಕಾಂತ. ಇದು ಗುಂಪಿನ ಪ್ರಾಣಿಯಲ್ಲ. ಎರಡು ಮರಿಯನ್ನು ಒಂದೇ ಕಡೆ ಕೂಡಿದರೆ ಒಂದನ್ನೊಂದು ಕಂಡೇ ಸೊರಗುತ್ತವೆ.

ಡಬ್ಬಿಯಲ್ಲಿ ಯಾಕೆ ಸಾಯುತ್ತದೆ?

ಪಕ್ಕದ ಮನೆ ಹುಡುಗರು ಒಂದು ಮರಿ ಹಿಡಿದು ಚಪ್ಪಲಿ ಡಬ್ಬಿಯಲ್ಲಿ ಇಟ್ಟಿದ್ದರು. ಅನ್ನ, ಸೌತೆಕಾಯಿ ಹೋಳು, ಮುಚ್ಚಳದಲ್ಲಿ ನೀರು ಎಲ್ಲವೂ ಇತ್ತು. ಮೂರು ದಿನಕ್ಕೆ ಕಣ್ಣು ಗುಳಿ ಬಿದ್ದು, ಹಗಲು ಹೊತ್ತೂ ಕಣ್ಣು ಮುಚ್ಚಿಕೊಂಡಿತ್ತು. ಹುಡುಗರು ಪ್ರೀತಿಯಲ್ಲಿ ಏನೂ ಕಡಿಮೆ ಮಾಡಿರಲಿಲ್ಲ. ಆದರೆ ಆ ಡಬ್ಬಿಯಲ್ಲಿ ಅಲ್ಲಾಡುವ ಊಟ ಇಲ್ಲ, ಹನಿ ನೀರಿಲ್ಲ, ಬಿಸಿಲಿಲ್ಲ. ಅದೇ ದಿನ ಲಕ್ಕಿ ಗಿಡಕ್ಕೆ ಬಿಡಿಸಿ ಎಲೆ ಮೇಲೆ ನೀರು ಚಿಮುಕಿಸಿದೆವು. ಮರಿ ಬಹಳ ಹೊತ್ತು ಹನಿ ನೆಕ್ಕಿತು. ಹುಡುಗರು ಬಾಯಿ ಬಿಟ್ಟುಕೊಂಡು ನೋಡಿದರು.

ಹೊರದೇಶಗಳಲ್ಲಿ ಯೆಮೆನ್ ಕಡೆಯ ಗೋಸುಂಬೆಯನ್ನು ಮರಿ ಮಾಡಿಸಿ ಮಾರುವವರಿದ್ದಾರೆ. ಬೆಂಗಳೂರಿನಲ್ಲಿ ಓದುವ ನನ್ನ ಅಣ್ಣನ ಮಗಳು ಫೋನಿನಲ್ಲಿ ತೋರಿಸಿದಳು. ಜಾಲರಿ ಗೂಡು, ಬಿಸಿಲಿಗೆ ಬದಲು ವಿಶೇಷ ಬಲ್ಬು, ನೀರು ಚಿಮುಕಿಸುವ ಯಂತ್ರ, ಮೇವಿಗೆಂದೇ ಬೆಳೆಸಿದ ಚಿಮ್ಮಂಡೆ ಹುಳು ಮರಿ, ಅದರ ಮೇಲೆ ಉದುರಿಸಲು ಸುಣ್ಣದ ಸತ್ವದ ಪುಡಿ. ಇದರಲ್ಲಿ ಒಂದು ತಪ್ಪಿದರೂ ಮರಿಯ ಮೂಳೆ ಮೆತ್ತಗಾಗಿ ಕಾಲು ಸೊಟ್ಟಗಾಗುತ್ತದೆಯಂತೆ. ನೋಡಿ ನನಗೆ ನಗು ಬಂತು. ಆ ಬಲ್ಬು, ಯಂತ್ರ, ಹುಳು ಎಲ್ಲವನ್ನೂ ನಮ್ಮ ಬೇಲಿ ಬಿಟ್ಟಿಯಾಗಿ ಕೊಡುತ್ತಿದೆ.

ಕಾನೂನು, ಮತ್ತು ಕೊಳ್ಳಲು ಬರುವವರು

ನಮ್ಮ ಗೋಸುಂಬೆಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಹಿಡಿಯುವುದು, ಮನೆಯಲ್ಲಿ ಇಟ್ಟುಕೊಳ್ಳುವುದು, ಮಾರುವುದು, ಕೊಲ್ಲುವುದು ಎಲ್ಲವೂ ಅಪರಾಧ. ಜೈಲೂ ಇದೆ, ದಂಡವೂ ಇದೆ. ನಮ್ಮ ಹೊಲದಲ್ಲೇ ಸಿಕ್ಕಿತು ಎಂದರೆ ನಡೆಯೋಲ್ಲ.

ಇದನ್ನು ಒತ್ತಿ ಹೇಳಲು ಕಾರಣವಿದೆ. ನಮ್ಮ ತಾಲ್ಲೂಕುಗಳಿಗೆ ಬೆಂಗಳೂರು ಹತ್ತಿರ. ಎರಡು ವರ್ಷದ ಹಿಂದೆ ಬೈಕಿನಲ್ಲಿ ಇಬ್ಬರು ಬಂದು "ಯಜಮಾನ್ರೇ, ಗೋಸುಂಬೆ ಮರಿ ಇದ್ರೆ ಹೇಳಿ, ಒಂದಕ್ಕೆ ಐನೂರು ಕೊಡ್ತೀವಿ" ಅಂದರು. ದನ ಮೇಯಿಸುವ ಹುಡುಗನಿಗೆ ಐನೂರು ರೂಪಾಯಿ ದೊಡ್ಡ ದುಡ್ಡು. ಸಿಕ್ಕಿಬಿದ್ದರೆ ಮೊದಲು ಸ್ಟೇಷನ್ ಹತ್ತುವವನು ಬೈಕಿನವನಲ್ಲ, ನಮ್ಮ ಹುಡುಗ. ಮಾಟ ಮಂತ್ರಕ್ಕೆ, ಔಷಧಿಗೆ ಅಂತ ಕೇಳಿಕೊಂಡು ಬರುವವರೂ ಇದ್ದಾರೆ. ಅದರಿಂದ ಯಾವ ಕಾಯಿಲೆಯೂ ವಾಸಿಯಾಗೋಲ್ಲ. ಇಂಥವರು ಬಂದರೆ ಗಾಡಿ ನಂಬರು ಬರೆದಿಟ್ಟುಕೊಂಡು ಅರಣ್ಯ ಇಲಾಖೆ ಸಹಾಯವಾಣಿ 1926ಕ್ಕೆ ತಿಳಿಸಿ.

ಬೇಲಿಯಲ್ಲಿ ಸಾಕುವ ಬಗೆ

1. ಬೇಲಿಯನ್ನು ಪೂರ್ತಿ ಕಿತ್ತು ತಂತಿ ಎಳೆಯಬೇಡಿ. ತಂತಿ ಬೇಕೇ ಬೇಕು ಅಂದರೆ ಒಂದು ಬದಿಯಾದರೂ ಲಕ್ಕಿ, ತಂಗಡಿ, ಹೊಂಗೆ ಇರಲಿ. ಕೊಂಬೆಗೆ ಕೊಂಬೆ ತಾಗಿರಬೇಕು. ನಡುವೆ ಕಡಿದರೆ ಮರಿ ನೆಲಕ್ಕೆ ಇಳಿಯಬೇಕು, ಇಳಿದರೆ ಕಾಗೆ, ಬೆಕ್ಕಿನ ಬಾಯಿಗೆ ಬೀಳುತ್ತದೆ.

2. ಬೇಸಿಗೆಯಲ್ಲಿ ಬದುವಿಗೆ ಬೆಂಕಿ ಹಾಕಬೇಡಿ. ಗೋಸುಂಬೆ ಓಡಿ ತಪ್ಪಿಸಿಕೊಳ್ಳುವ ಪ್ರಾಣಿಯಲ್ಲ.

3. ಬದುವಿನ ಬುಡದವರೆಗೂ ಟ್ರಾಕ್ಟರ್ ಹೊಡೆಸಬೇಡಿ. ಎರಡು ಅಡಿ ಬಿಡಿ. ಮೊಟ್ಟೆ ಇರುವುದು ಅಂಥ ಮೆದು ಮಣ್ಣಿನಲ್ಲೇ.

4. ಬೇಲಿ ಬುಡದಲ್ಲಿ ಅಲ್ಲಲ್ಲಿ ಬಾಳೆಹಣ್ಣಿನ ಸಿಪ್ಪೆ, ಹಲಸಿನ ಸಿಪ್ಪೆ ಹಾಕಿ. ಎರಡೇ ದಿನಕ್ಕೆ ಸಣ್ಣ ನೊಣ ಮುತ್ತುತ್ತವೆ. ಮರಿಯ ಬಾಯಿಗೆ ಸರಿಯಾದ ಅಳತೆ. ಆದರೆ ಉದುರಿದ ಮಾವಿನ ಹಣ್ಣು ಮಾತ್ರ ಹಾಕಬೇಡಿ. ಅದರಲ್ಲಿ ಹಣ್ಣಿನ ನೊಣದ ಹುಳು ಬೆಳೆದು ಮುಂದಿನ ಫಸಲಿಗೆ ಏಟು. ಅದನ್ನು ಆಳವಾಗಿ ಹೂಳಿ.

5. ಅವರೆಗೆ, ಮಾವಿನ ಹೂವಿಗೆ ಔಷಧಿ ಹೊಡೆಯಲೇಬೇಕಾದರೆ ಗಾಳಿ ನೋಡಿ ಹೊಡೆಯಿರಿ, ಬೇಲಿ ಮೇಲೆ ಬೀಳದಿರಲಿ. ವಿಷ ಬಿದ್ದ ಬೇಲಿಯಲ್ಲಿ ಹುಳು ಇರೋಲ್ಲ, ಅಲ್ಲಿಗೆ ಮರಿಗೆ ಉಪವಾಸ. ಅರೆಬರೆ ಸತ್ತ ಹುಳು ತಿಂದರೆ ಇನ್ನೂ ಕೆಡುಕು. ಹಿಪ್ಪುನೇರಳೆ ಇರುವವರಿಗೆ ಇದನ್ನು ಹೇಳಬೇಕಾಗಿಲ್ಲ. ರೇಷ್ಮೆ ಹುಳುವಿನ ಭಯಕ್ಕೆ ಅವರು ಮೊದಲೇ ಎಚ್ಚರ.

ದಾರಿಯಲ್ಲಿ ಸಿಕ್ಕರೆ

ಕನಕಪುರ ಕಡೆ, ಚನ್ನಪಟ್ಟಣದ ಹಳ್ಳಿ ರಸ್ತೆಗಳಲ್ಲಿ ಟಾರಿನ ಮೇಲೆ ತೂಗಾಡುತ್ತ ದಾಟುವ ಗೋಸುಂಬೆ ಗಾಡಿಗೆ ಸಿಕ್ಕಿ ಸಾಯುವುದುಂಟು. ಕೈಯಲ್ಲಿ ಹಿಡಿಯಬೇಡಿ, ಬಾಲ ಎಳೆಯಬೇಡಿ. ಹಲ್ಲಿಯ ಹಾಗೆ ಇದರ ಬಾಲ ಮತ್ತೆ ಬೆಳೆಯೋಲ್ಲ. ಒಂದು ಕೋಲನ್ನು ಅದರ ಮುಂದೆ ಹಿಡಿಯಿರಿ. ತಾನೇ ಹತ್ತಿಕೊಳ್ಳುತ್ತದೆ. ಅದು ಮುಖ ಮಾಡಿದ್ದ ಕಡೆಯ ಗಿಡಕ್ಕೆ ಬಿಡಿ. ದೂರ ಒಯ್ಯುವುದು ಬೇಡ.

ಗಾಯ ಆಗಿದ್ದರೆ ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿ ಒಂದು ಕೊಂಬೆ ಇಟ್ಟು, ಅದರ ಮೇಲೆ ಕೂರಿಸಿ ನೆರಳಿನಲ್ಲಿಡಿ. ಊಟ ತುರುಕಬೇಡಿ, ಬಾಯಿಗೆ ನೀರು ಹುಯ್ಯಬೇಡಿ, ಶ್ವಾಸಕ್ಕೆ ಹೋದರೆ ಸಾಯುತ್ತದೆ. ಕೂಡಲೇ 1926ಕ್ಕೆ ಫೋನ್ ಮಾಡಿ. ಕೆಂಗೇರಿ ಕಡೆ ಪೀಪಲ್ ಫಾರ್ ಅನಿಮಲ್ಸ್ ಸಂಸ್ಥೆಯ ವನ್ಯಜೀವಿ ಆಸ್ಪತ್ರೆಯೂ ಇದೆ.

ಲಾಭ ಏನು ಅನ್ನುವವರಿಗೆ

ಗೋಸುಂಬೆ ಇದ್ದರೆ ಕಾಯಿಕೊರಕ ಮಾಯವಾಗುತ್ತದೆ, ಊಜಿ ನೊಣ ಒಂದೂ ಉಳಿಯೋಲ್ಲ ಅಂತ ನಾನು ಹೇಳೋಲ್ಲ. ಅದು ಮಿಡತೆಯನ್ನೂ ತಿನ್ನುತ್ತದೆ, ಜೇನುನೊಣ ಸಿಕ್ಕಿದರೆ ಅದನ್ನೂ ತಿನ್ನುತ್ತದೆ. ಬೇಲಿಯ ನೆರಳಿಗೆ ನನ್ನ ಎರಡು ಸಾಲು ರಾಗಿ ಸಣ್ಣಗಾಗುತ್ತದೆ, ಅದೂ ನಿಜ. ಈ ವಿಷಯಕ್ಕೆ ನನಗೂ ನನ್ನ ತಮ್ಮನಿಗೂ ಮಾತು ಬಂದಿದೆ. "ಜೆಸಿಬಿ ಒಂದು ಗಂಟೆ ಸಾಕು ಅಣ್ಣ, ಕಲ್ಲು ಕಂಬ ನೆಟ್ಟು ತಂತಿ ಎಳೆದುಬಿಡೋಣ" ಅನ್ನುವುದು ಅವನ ವಾದ. ಅವನ ಭಾಗದ ಬದಿ ಕಳೆದ ವರ್ಷ ಹೋಯಿತು. ಆ ಕಡೆ ಮಳೆಗೆ ಬದು ಎರಡು ಕಡೆ ಕೊರೆದಿದೆ. ಮೇಕೆಗೆ ಸೊಪ್ಪಿಲ್ಲ, ಗೊಬ್ಬರಕ್ಕೆ ಹೊಂಗೆ ಎಲೆ ಇಲ್ಲ. ನನ್ನ ಭಾಗದ ನೂರಿಪ್ಪತ್ತು ಹೆಜ್ಜೆ ಬೇಲಿ ಹಾಗೇ ಇದೆ. ಈ ಮುಂಗಾರಿನಲ್ಲಿ ಅದರಲ್ಲಿ ಐದು ಮರಿ ಎಣಿಸಿದೆ. ತಮ್ಮನ ತಂತಿಯ ಕಡೆ ಒಂದೂ ಕಾಣಲಿಲ್ಲ.

ಮರಿ ಸಾಕುವ ಆಸೆ ಇರುವ ಹುಡುಗರಿಗೆ ಒಂದು ಕೆಲಸ ಕೊಡಿ. ಬೆಳಿಗ್ಗೆ ಇಬ್ಬನಿ ಆರುವ ಮೊದಲು ಬೇಲಿ ಪಕ್ಕ ಸದ್ದಿಲ್ಲದೆ ಕೂರಲಿ, ಎಷ್ಟು ಮರಿ, ಯಾವ ಗಿಡದಲ್ಲಿ, ಏನು ತಿಂದಿತು ಎಂದು ನೋಟ್ ಪುಸ್ತಕದಲ್ಲಿ ಬರೆಯಲಿ. ನಮ್ಮೂರಲ್ಲಿ ನಾಲ್ಕು ಹುಡುಗರು ಬರೆಯುತ್ತಿದ್ದಾರೆ. ಈಗ ಬೈಕಿನವರು ಬಂದರೆ ಅವರೇ ಮೊದಲು ನನಗೆ ಬಂದು ಹೇಳುತ್ತಾರೆ.