ಹಿಂಬದಿ ಹಲಗೆಯ ಮೇಲಿನ ಭಾರ

1909ರಲ್ಲಿ ಅಮೆರಿಕದ ಮಿಲ್ವಾಕಿಯಲ್ಲಿ ಮಾರಾಟಕ್ಕೆ ಬಂದ ಎವಿನ್‌ರೂಡ್ ದೋಣಿ ಎಂಜಿನ್ನಿನ ಬೆಲೆ 62 ಡಾಲರ್. ತೂಕ 62 ಪೌಂಡ್, ಅಂದರೆ 28 ಕೆ.ಜಿ. ಶಕ್ತಿ ಒಂದೂವರೆ ಎಚ್‌ಪಿ. ಪೌಂಡಿಗೆ ಒಂದು ಡಾಲರ್ ಎಂಬ ಲೆಕ್ಕ ಆಕಸ್ಮಿಕವೇ ಇರಬೇಕು. ಆದರೂ ಔಟ್‌ಬೋರ್ಡ್ ಎಂಜಿನ್ನನ್ನು ತೂಗಿ ಕೊಳ್ಳುವುದೇ ಸರಿ ಎಂದು ನನಗೆ ಅನ್ನಿಸಿದೆ. ಸಣ್ಣ ದೋಣಿ ವೇಗವಾಗಿ ಓಡಬೇಕು ಅನ್ನುವವರು ಅಂಗಡಿಗೆ ಹೋದರೆ ಮೊದಲು ಕೇಳುವುದು ಎಷ್ಟು ಎಚ್‌ಪಿ ಎಂದು. ಎಷ್ಟು ಭಾರ ಎಂದು ಕೇಳಿದವನ ಮುಖವನ್ನು ಅಂಗಡಿಯವನು ಇನ್ನೊಮ್ಮೆ ನೋಡುತ್ತಾನೆ. ಇವನು ದೋಣಿ ಬಲ್ಲವನು ಎಂದು ಅವನಿಗೆ ಗೊತ್ತಾಗುತ್ತದೆ.

ದೋಣಿಯ ಹೊಟ್ಟೆಯೊಳಗೆ ಕೂರುವ ಎಂಜಿನ್ ಬೇರೆ, ಹಿಂಬದಿ ಹಲಗೆಗೆ ಕಚ್ಚಿಸಿ ತೂಗುಹಾಕುವ ಎಂಜಿನ್ ಬೇರೆ. ಎರಡನೆಯದೇ ಔಟ್‌ಬೋರ್ಡ್, ಅದಕ್ಕೆ ಚುಕ್ಕಾಣಿಯೂ ಬೇಡ. ಇಡೀ ಎಂಜಿನ್ನನ್ನೇ ತಿರುಗಿಸಿದರೆ ದೋಣಿ ತಿರುಗುತ್ತದೆ, ದಡ ಹತ್ತಿರವಾದಾಗ ಮೇಲಕ್ಕೆತ್ತಿದರೆ ಪ್ರೊಪೆಲ್ಲರ್ ನೀರು ಬಿಟ್ಟು ಬರುತ್ತದೆ, ಕೆಲಸ ಮುಗಿದ ಮೇಲೆ ಬಿಚ್ಚಿ ಮನೆಗೆ ಒಯ್ಯಬಹುದು. ಈ ಬಿಚ್ಚಿ ಒಯ್ಯುವ ಉಪಾಯ ಮೊದಲು ಹೊಳೆದದ್ದು ಪೆಟ್ರೋಲ್ ಎಂಜಿನ್ ಮಾಡಿದವರಿಗಲ್ಲ. 1881ರಲ್ಲಿ ಪ್ಯಾರಿಸ್ಸಿನ ಗುಸ್ತಾವ್ ಟ್ರೂವೆ ಎಂಬ ಕುಶಲಿ ಚುಕ್ಕಾಣಿಯ ನೆತ್ತಿಯ ಮೇಲೆ ಪುಟ್ಟ ವಿದ್ಯುತ್ ಮೋಟರ್ ಕೂರಿಸಿ, ದೋಣಿಯೊಳಗೆ ಬ್ಯಾಟರಿ ಇಟ್ಟುಕೊಂಡು ಸೇನ್ ನದಿಯಲ್ಲಿ ಓಡಾಡಿದ್ದ. ಪೆಟ್ರೋಲ್ ಬಂದದ್ದು ಆಮೇಲೆ. ಯೇಲ್‌ನಲ್ಲಿ ಕಾನೂನು ಓದಿದ ಕ್ಯಾಮರನ್ ವಾಟರ್‌ಮನ್ ಮೋಟರ್‌ಸೈಕಲ್ ಎಂಜಿನ್ನನ್ನು ದೋಣಿಗೆ ಹೊಂದಿಸಿ, ಎವಿನ್‌ರೂಡ್‌ಗಿಂತ ಮೊದಲೇ ಡೆಟ್ರಾಯಿಟ್‌ನಲ್ಲಿ ವ್ಯಾಪಾರ ಶುರುಮಾಡಿದ್ದ.

ಹಾಗಿದ್ದೂ ಜನ ನೆನಪಿಟ್ಟುಕೊಂಡದ್ದು ಓಲೆ ಎವಿನ್‌ರೂಡ್‌ನನ್ನು. ನಾರ್ವೆಯಲ್ಲಿ 1877ರಲ್ಲಿ ಹುಟ್ಟಿ, ಮಗುವಾಗಿದ್ದಾಗಲೇ ವಿಸ್ಕಾನ್ಸಿನ್‌ಗೆ ಬಂದವನು. ಬೇಸಿಗೆಯ ಒಂದು ವನಭೋಜನದಲ್ಲಿ ಬೆಸ್ ಎಂಬಾಕೆ ಐಸ್‌ಕ್ರೀಂ ಬೇಕೆಂದಳಂತೆ. ಓಲೆ ಹುಟ್ಟು ಹಾಕುತ್ತಾ ಆಚೆ ದಡಕ್ಕೆ ಹೋಗಿ ತರುವಷ್ಟರಲ್ಲಿ ಅದು ಕರಗಿ ನೀರಾಗಿತ್ತಂತೆ. ಇಂಥ ಕಥೆಗಳಿಗೆ ಕಂಪನಿಯ ಜಾಹೀರಾತು ವಿಭಾಗ ಬಣ್ಣ ಹಚ್ಚದೇ ಬಿಟ್ಟಿರಲಾರದು. ಬೆಸ್ ಮುಂದೆ ಅವನ ಹೆಂಡತಿಯಾದದ್ದು ಮಾತ್ರ ನಿಜ, ಮೊದಲ ಮಾದರಿಯನ್ನು ನೋಡಿ ಕಾಫಿಬೀಜ ಪುಡಿಮಾಡುವ ಯಂತ್ರದಂತಿದೆ ಎಂದು ನಕ್ಕಳು ಎಂಬುದನ್ನೂ ನಂಬಬಹುದು. ಕಾಗದಪತ್ರ, ಲೆಕ್ಕ, ಜಾಹೀರಾತು ಎಲ್ಲ ಅವಳದ್ದೇ. ಹುಟ್ಟುಗಳನ್ನು ಎಸೆದುಬಿಡಿ ಎಂದು ಪತ್ರಿಕೆಗಳಲ್ಲಿ ಹಾಕಿಸಿ ದೂರದೂರದಿಂದ ಬೇಡಿಕೆ ತರಿಸಿದವಳೂ ಅವಳೇ. ಓಲೆಯ ಜಾಣ್ಮೆ ಇದ್ದದ್ದು ಜೋಡಣೆಯಲ್ಲಿ. ಸಿಲಿಂಡರ್ ಅಡ್ಡ ಮಲಗಿದೆ, ಕ್ರ್ಯಾಂಕ್‌ಶಾಫ್ಟ್ ನೆಟ್ಟಗೆ ನಿಂತಿದೆ, ನೆತ್ತಿಯ ಮೇಲೆ ಗಾಲಿ, ನೀರಿನಡಿಯಲ್ಲಿ ಹಲ್ಲುಗೇರು, ಅದಕ್ಕೆ ಪ್ರೊಪೆಲ್ಲರ್. ಇಂದಿನ ಎಂಜಿನ್ನಿನ ಮುಚ್ಚಳ ತೆಗೆದು ನೋಡಿ, ಮೂಲ ಜೋಡಣೆ ಹೆಚ್ಚುಕಡಿಮೆ ಅದೇ.

ಬೆಸ್‌ಳ ಆರೋಗ್ಯ ಕೆಟ್ಟಿತೆಂದು ಓಲೆ ತನ್ನ ಪಾಲನ್ನು ಪಾಲುದಾರನಿಗೆ ಮಾರಿ ಹೊರಟ. ಮತ್ತೆ ಕೆಲಸಕ್ಕೆ ಕೂತಾಗ ಅವನ ಕೈಗೆ ಅಲ್ಯೂಮಿನಿಯಂ ಸಿಕ್ಕಿತ್ತು. ಎರಡು ಸಿಲಿಂಡರಿನ ಹೊಸ ಎಂಜಿನ್ ಮೂರು ಎಚ್‌ಪಿಯದ್ದು, ತೂಕ 48 ಪೌಂಡಿನ ಆಸುಪಾಸು. ಶಕ್ತಿ ಇಮ್ಮಡಿ, ಭಾರ ಕಾಲುಭಾಗ ಕಡಿಮೆ. ಹಳೆಯ ಪಾಲುದಾರನಿಗೆ ತೋರಿಸಿದರೆ ಆತ ಬೇಡವೆಂದ. 1921ರಲ್ಲಿ ಗಂಡಹೆಂಡಿರೇ ಅದನ್ನು 'ಎಲ್ಟೊ' ಎಂಬ ಹೆಸರಲ್ಲಿ ಮಾರುಕಟ್ಟೆಗೆ ತಂದರು. ಅಷ್ಟರಲ್ಲಿ ಇಂಡಿಯಾನಾದ ಜಾನ್ಸನ್ ಸೋದರರು ಇನ್ನೂ ಹಗುರಾದ 35 ಪೌಂಡಿನ, ಎರಡು ಎಚ್‌ಪಿಯ ಎಂಜಿನ್ ಹಿಡಿದುಕೊಂಡು ಎದುರು ನಿಂತರು. ಪೈಪೋಟಿ ಇದ್ದದ್ದು ಭಾರ ಇಳಿಸುವುದರಲ್ಲಿ. ಓಟದ ಮಾತು ಇನ್ನೂ ಬಂದಿರಲಿಲ್ಲ.

ಅದು ಬಂದ ಬಗೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ನೀರನ್ನು ಸೀಳಿಕೊಂಡು ಹೋಗುವ ದೋಣಿ ತನ್ನ ಮೂತಿಯ ಮುಂದೆ ತಾನೇ ಒಂದು ಅಲೆ ಎಬ್ಬಿಸುತ್ತದೆ. ವೇಗ ಹೆಚ್ಚಿದಂತೆ ಆ ಅಲೆ ಉದ್ದವಾಗುತ್ತಾ ಹೋಗಿ, ಕೊನೆಗೆ ದೋಣಿ ಎರಡು ಅಲೆಗಳ ನಡುವಿನ ತಗ್ಗಿನಲ್ಲಿ ಸಿಕ್ಕಿಕೊಳ್ಳುತ್ತದೆ. 14 ಅಡಿಯ ದೋಣಿಗೆ ಈ ಮಿತಿ ಗಂಟೆಗೆ ಸುಮಾರು 9 ಕಿ.ಮೀ. ಅಲ್ಲಿಂದ ಮುಂದೆ ಇನ್ನಷ್ಟು ಪೆಟ್ರೋಲ್ ಸುರಿದರೆ ಮೂತಿ ಮೇಲೇಳುತ್ತದೆ, ಹಿಂಬದಿ ಕುಸಿಯುತ್ತದೆ, ಸದ್ದು ಜೋರಾಗುತ್ತದೆ, ವೇಗ ಏರುವುದಿಲ್ಲ. ದೋಣಿ ಹಗುರಾಗಿದ್ದು, ತಳ ಚಪ್ಪಟೆಯಾಗಿದ್ದು, ಹಿಂದಿನಿಂದ ತಳ್ಳುವ ಬಲ ಸಾಕಷ್ಟಿದ್ದರೆ ಮಾತ್ರ ಅದು ತನ್ನದೇ ಅಲೆಯನ್ನು ಹತ್ತಿ ದಾಟಿ ನೀರಿನ ಮೇಲೆ ಜಾರತೊಡಗುತ್ತದೆ. ಹತ್ತಿದ ಮೇಲೆ ತಡೆ ಸಡಿಲಗೊಂಡು, ಅದೇ ಎಂಜಿನ್ ಎರಡು-ಮೂರು ಪಟ್ಟು ವೇಗ ಕೊಡುತ್ತದೆ. 1926ರಲ್ಲಿ ಜಾನ್ಸನ್‌ರ ಆರು ಎಚ್‌ಪಿಯ 'ಬಿಗ್ ಟ್ವಿನ್' ಹಗುರ ದೋಣಿಗಳನ್ನು ಗಂಟೆಗೆ 25 ಕಿ.ಮೀ.ಗೂ ಮೇಲೆ ಓಡಿಸಿ ಇದನ್ನು ಸಾಮಾನ್ಯರ ಕೈಗೆ ಕೊಟ್ಟಿತು. ಕೆರೆ-ಸರೋವರಗಳಲ್ಲಿ ಪಂದ್ಯಗಳು ಶುರುವಾದವು. ಎರಡೇ ವರ್ಷದಲ್ಲಿ ನಾಲ್ಕು ಸಿಲಿಂಡರಿನ ಎಲ್ಟೊ ಹದಿನೆಂಟು ಎಚ್‌ಪಿಗೆ ಏರಿತು.

ಈ ಹುಚ್ಚನ್ನು ಮುಂದಕ್ಕೆ ಒಯ್ದವನು ಕಾರ್ಲ್ ಕೀಖೇಫರ್ ಎಂಬ ಹಟಮಾರಿ. 1939ರಲ್ಲಿ ವಿಸ್ಕಾನ್ಸಿನ್‌ನ ಸೀಡರ್‌ಬರ್ಗ್‌ನಲ್ಲಿ ಅವನು ಕೊಂಡದ್ದು ದಿವಾಳಿಯೆದ್ದ ಕಾರ್ಖಾನೆ. ಒಳಗೆ ನೂರಾರು ದೋಣಿ ಎಂಜಿನ್‌ಗಳು ಬಿದ್ದಿದ್ದವು, ಸರಿಯಿಲ್ಲವೆಂದು ಗಿರಾಕಿ ಕಂಪನಿ ವಾಪಸು ಕಳಿಸಿದ್ದವು. ಅವನ ಮನಸ್ಸಿದ್ದದ್ದು ಬೇರೆ ವ್ಯಾಪಾರದ ಮೇಲೆ. ಕೈಯಲ್ಲಿ ಕಾಸು ಬೇಕಿತ್ತೆಂದು ಅವುಗಳನ್ನೇ ರಿಪೇರಿ ಮಾಡಿಸಿದ. ವಾಪಸು ಕಳಿಸಿದ್ದವರೇ ಮೆಚ್ಚಿ ಇನ್ನಷ್ಟು ಕೇಳಿದರು. 'ಮರ್ಕ್ಯುರಿ' ಹುಟ್ಟಿದ್ದು ಹೀಗೆ. ಅವನ 1947ರ 'ಲೈಟ್ನಿಂಗ್' ಎಂಜಿನ್ನಿನ ಮೇಲೆ ಬರೆದದ್ದು ಹತ್ತು ಎಚ್‌ಪಿ, ಕೊಡುತ್ತಿದ್ದದ್ದು ಅದಕ್ಕಿಂತ ಹೆಚ್ಚು. ಬರೆದದ್ದಕ್ಕಿಂತ ಹೆಚ್ಚು ಕೊಟ್ಟು ಹೆಸರು ಮಾಡುವ ವ್ಯಾಪಾರಿ ಅಪರೂಪ.

ಇವೆಲ್ಲವೂ ಟೂ-ಸ್ಟ್ರೋಕ್. ಪ್ರತಿ ಸುತ್ತಿಗೂ ಒಂದು ಸ್ಫೋಟ, ವಾಲ್ವಿಲ್ಲ, ಕ್ಯಾಮ್‌ಶಾಫ್ಟಿಲ್ಲ, ಆಯಿಲ್ ತುಂಬುವ ತೊಟ್ಟಿಯಿಲ್ಲ. ಪೆಟ್ರೋಲಿಗೇ ಆಯಿಲ್ ಬೆರೆಸಿದರಾಯಿತು. ಹಗುರವಾಗಿರಲು ಇದಕ್ಕಿಂತ ಒಳ್ಳೆಯ ಉಪಾಯ ಇರಲಿಲ್ಲ. ಆದರೆ ಹೊಸ ಗಾಳಿ-ಪೆಟ್ರೋಲ್ ಮಿಶ್ರಣ ಒಳಬರುವಾಗಲೇ ಹೊಗೆ ಹೋಗುವ ಬಾಗಿಲೂ ತೆರೆದಿರುತ್ತದೆ. ಕಾರ್ಬ್ಯುರೇಟರ್ ಇರುವ ಹಳೆಯ ಎಂಜಿನ್‌ಗಳಲ್ಲಿ ಕಾಲುಭಾಗದಷ್ಟು ಇಂಧನ ಉರಿಯದೆಯೇ ನೀರಿಗೆ ಹೋಗುತ್ತಿತ್ತು. ನಾಲ್ಕು ಲೀಟರ್ ಹಾಕಿದರೆ ಒಂದು ಲೀಟರ್ ಕೆರೆಗೆ! ಅಮೆರಿಕ ಸರ್ಕಾರ 1996ರಲ್ಲಿ ನಿಯಮ ಬಿಗಿ ಮಾಡಿತು, 1999ರಲ್ಲಿ ಟಾಹೊ ಸರೋವರದಲ್ಲಿ ಇಂಥ ಎಂಜಿನ್‌ಗಳನ್ನೇ ನಿಷೇಧಿಸಲಾಯಿತು. 1964ರಿಂದಲೇ ಫೋರ್-ಸ್ಟ್ರೋಕ್ ಹಿಡಿದು ಕೂತಿದ್ದ ಜಪಾನಿನ ಹೋಂಡಾಕ್ಕೆ ಕೊನೆಗೂ ಕಾಲ ಕೂಡಿ ಬಂತು. ಯಮಹಾ, ಸುಜುಕಿ ಕೂಡ ಆ ದಾರಿ ಹಿಡಿದವು. ಎವಿನ್‌ರೂಡ್ ಟೂ-ಸ್ಟ್ರೋಕನ್ನೇ ಸುಧಾರಿಸಲು ಹೋಗಿ, ಒಡೆತನ ಬದಲಾಗಿ, 2020ರ ಮೇ ತಿಂಗಳಲ್ಲಿ ಅಂಗಡಿ ಮುಚ್ಚಿತು.

ಹೀಗೆ ಎಂಬತ್ತು ವರ್ಷ ಇಳಿಸುತ್ತಾ ಬಂದ ಭಾರ ಮತ್ತೆ ಹಿಂಬದಿ ಹಲಗೆಗೆ ಬಂತು. 40 ಎಚ್‌ಪಿಯ ಟೂ-ಸ್ಟ್ರೋಕ್ 70 ಕೆ.ಜಿ. ಚಿಲ್ಲರೆ ತೂಗಿದರೆ, ಅಷ್ಟೇ ಶಕ್ತಿಯ ಫೋರ್-ಸ್ಟ್ರೋಕ್ ಸಾಮಾನ್ಯವಾಗಿ 90 ದಾಟುತ್ತದೆ. ದೊಡ್ಡ ದೋಣಿಗೆ ಇದು ಲೆಕ್ಕಕ್ಕಿಲ್ಲ. 14 ಅಡಿಯದಕ್ಕೆ ಅಳತೆ ತಪ್ಪುತ್ತದೆ. ಎಂಜಿನ್, ಪೆಟ್ರೋಲ್ ಟ್ಯಾಂಕ್, ಬ್ಯಾಟರಿ, ಓಡಿಸುವವನು ಎಲ್ಲರೂ ಹಿಂದೆ. ಸ್ಕೂಟರಿನ ಹಿಂದೆ ಗ್ಯಾಸ್ ಸಿಲಿಂಡರ್ ಕಟ್ಟಿ ಏರು ಹತ್ತಿದವರಿಗೆ ಹ್ಯಾಂಡಲ್ ಹಗುರಾದ ಅನುಭವ ನೆನಪಿರಬಹುದು. ದೋಣಿ ಮೂತಿ ಎತ್ತಿಕೊಂಡೇ ತಿಣುಕುತ್ತದೆ, ಅಲೆ ಹತ್ತುವುದಿಲ್ಲ. ಹತ್ತಿದರೂ ಮೂತಿ ಏಳುತ್ತಾ ಕುಕ್ಕುತ್ತಾ ಸಾಗುತ್ತದೆ. ನನ್ನನ್ನು ಕೇಳಿದರೆ, ಇಂಥ ದೋಣಿಗೆ ಹತ್ತು ಎಚ್‌ಪಿ ಹೆಚ್ಚಿರುವ ಭಾರದ ಎಂಜಿನ್ನಿಗಿಂತ ಇಪ್ಪತ್ತು ಕೆ.ಜಿ. ಕಡಿಮೆಯಿರುವುದೇ ಮೇಲು.

ಗರಿಷ್ಠ ಎಷ್ಟು ಶಕ್ತಿ ಹಾಕಬಹುದು ಎಂಬುದಕ್ಕೆ ಅಮೆರಿಕದ ಕರಾವಳಿ ಕಾವಲು ಪಡೆಯ ಸೂತ್ರವೊಂದಿದೆ. ಅಡಿ ಲೆಕ್ಕದಲ್ಲಿ ದೋಣಿಯ ಉದ್ದವನ್ನು ಹಿಂಬದಿ ಹಲಗೆಯ ಅಗಲದಿಂದ ಗುಣಿಸಬೇಕು. 14 ಅಡಿ ಉದ್ದ, 5 ಅಡಿ ಅಗಲವಾದರೆ 70. ಮುಂದೆ ಕೂತು ಸ್ಟೀರಿಂಗ್ ಹಿಡಿಯುವ ದೋಣಿಯಾಗಿದ್ದು, ಹಲಗೆ 20 ಇಂಚು ಎತ್ತರವಿದ್ದರೆ ಇಮ್ಮಡಿ ಮಾಡಿ 90 ಕಳೆಯಬೇಕು, ಬರುವುದು 50 ಎಚ್‌ಪಿ. ಹಿಂದೆ ಕೂತು ಎಂಜಿನ್ನಿನ ಹಿಡಿಯಿಂದಲೇ ತಿರುಗಿಸುವುದಾದರೆ ಅದೇ ಅಳತೆಗೆ 35. ಅಂಚು ಚೂಪಾಗಿರುವ ಚಪ್ಪಟೆ ತಳದ್ದಾದರೆ 20 ಮಾತ್ರ. ಎತ್ತಲಾಗದ್ದಕ್ಕೆ ಈ ಮಿತಿ ಹಾಕಿಲ್ಲ. ಜೋರಾಗಿ ತಿರುಗುವಾಗ ದೋಣಿ ಮಗುಚುತ್ತದೆ, ಹಿಡಿ ಕೈಯಿಂದ ಕಿತ್ತುಕೊಳ್ಳುತ್ತದೆ ಎಂಬ ಭಯಕ್ಕೆ.

ಆಮೇಲಿನದು ಪ್ರೊಪೆಲ್ಲರ್. ಹೆಚ್ಚಿನವರು ಎಂಜಿನ್ ಜೊತೆ ಬಂದದ್ದನ್ನೇ ಹಾಕಿಕೊಂಡು ಸುಮ್ಮನಿರುತ್ತಾರೆ. ನೀರು ಗಟ್ಟಿಯಾಗಿದ್ದರೆ ಅದು ಒಂದು ಸುತ್ತಿಗೆ ಎಷ್ಟು ಮುಂದೆ ಹೋಗುತ್ತಿತ್ತೋ ಅದನ್ನು ಪಿಚ್ ಎನ್ನುತ್ತಾರೆ. ಎಂಜಿನ್ ನಿಮಿಷಕ್ಕೆ 5,500 ಸುತ್ತು ತಿರುಗುತ್ತದೆ, ಗೇರು ಅದನ್ನು ಅರ್ಧಕ್ಕಿಳಿಸುತ್ತದೆ, ಪಿಚ್ 13 ಇಂಚು ಎಂದುಕೊಳ್ಳಿ. ಲೆಕ್ಕದಲ್ಲಿ ಗಂಟೆಗೆ 54 ಕಿ.ಮೀ. ನೀರು ಜಾರುವುದರಿಂದ ಹತ್ತನೇ ಒಂದು ಭಾಗ ಕಳೆದರೆ 49ರ ಹತ್ತಿರ. ಇನ್ನೂ ವೇಗ ಬೇಕೆಂದು 15 ಇಂಚಿನದು ಹಾಕಿದರೆ ಎಂಜಿನ್ ಸುತ್ತು ಏರಿಸಲಾಗದೆ ಒದ್ದಾಡುತ್ತದೆ. ಪಿಚ್ ಒಂದು ಇಂಚು ಹೆಚ್ಚಿದರೆ ಸುತ್ತು 150ರಿಂದ 200 ಇಳಿಯುತ್ತದೆ. ಎಂಜಿನ್ ಪುಸ್ತಕದಲ್ಲಿ ಪೂರ್ತಿ ಥ್ರಾಟಲ್‌ಗೆ 5,000-6,000 ಸುತ್ತು ಎಂದಿದ್ದರೆ, ಎಂದಿನ ಹೊರೆ ಹೊತ್ತು ಆ ಪಟ್ಟಿಯ ಮೇಲ್ತುದಿ ಮುಟ್ಟಬೇಕು. ಅದು ಮುಟ್ಟದಿದ್ದರೆ ಎಂಜಿನ್ ಬದಲಿಸುವ ಮೊದಲು ಪ್ರೊಪೆಲ್ಲರ್ ಬದಲಿಸಿ ನೋಡುವುದು ಅಗ್ಗ.

ಟ್ರೂವೆಯ ವಿದ್ಯುತ್ ಮೋಟರ್ ಈಗ ಮರಳಿ ಬಂದಿದೆ. 2005ರಲ್ಲಿ ಶುರುವಾದ ಜರ್ಮನಿಯ ಟಾರ್ಕೀಡೊದಂಥ ಕಂಪನಿಗಳು ಅದನ್ನೇ ನಂಬಿವೆ. ಮೋಟರ್ ಹಗುರ, ಬ್ಯಾಟರಿ ಭಾರ. ಪೆಟ್ರೋಲ್ ಎಂಜಿನ್ನಿನಲ್ಲಿ ಪೋಲಾಗುವುದನ್ನೆಲ್ಲ ಕಳೆದರೂ, ಅಷ್ಟೇ ಕೆಲಸಕ್ಕೆ ಬ್ಯಾಟರಿ ಹತ್ತು ಪಟ್ಟಿಗೂ ಹೆಚ್ಚು ತೂಗುತ್ತದೆ. ನಿಧಾನದ ಓಡಾಟಕ್ಕೆ ಸರಿ, ಅಲೆ ಹತ್ತಿ ಓಡುವ ಸಣ್ಣ ದೋಣಿಗೆ ಸದ್ಯಕ್ಕೆ ಕಷ್ಟ.

ನಮ್ಮ ಕರಾವಳಿಗೆ ಈ ಎಂಜಿನ್ ಬಂದದ್ದು ಪಂದ್ಯಕ್ಕಲ್ಲ, ಹೊಟ್ಟೆಪಾಡಿಗೆ. ಎಪ್ಪತ್ತರ ದಶಕದ ಮಧ್ಯದಲ್ಲಿ ಪರ್ಸೀನ್ ಬೋಟುಗಳು ಕಡಲಿಗಿಳಿದು ಬಂಗುಡೆ, ಬೂತಾಯಿ ಹಿಂಡುಗಳನ್ನು ಆಳದಲ್ಲೇ ಬಳಿದುಕೊಳ್ಳತೊಡಗಿದಾಗ, ದಡದಿಂದ ಹತ್ತಾರು ಜನ ಸೇರಿ ಎಳೆಯುತ್ತಿದ್ದ ರಂಪಣಿ ಬಲೆ ಕೆಲವೇ ವರ್ಷಗಳಲ್ಲಿ ಮೂಲೆ ಸೇರಿತು. ಮೀನು ದಡಕ್ಕೆ ಬರದಿದ್ದರೆ ಮೀನಿನ ಹಿಂದೆ ಹೋಗಬೇಕು. ರಂಪಣಿಯವರು ಹಿಂಡನ್ನು ಸುತ್ತುಗಟ್ಟುವ ಮಾಟುಬಲೆ ಮಾಡಿಕೊಂಡರು, ನಾಡದೋಣಿಗೆ ಔಟ್‌ಬೋರ್ಡ್ ಕಟ್ಟಿದರು. ಹಿಂಡು ಕಂಡೊಡನೆ ಸುತ್ತುವರಿಯಲು ಅವರಿಗೂ ವೇಗವೇ ಬೇಕಿತ್ತು. ಅಳಿವೆಬಾಗಿಲಿನ ಅಲೆ ದಾಟುವಾಗಲೂ ಅಷ್ಟೆ, ಅಲ್ಲಿ ಎಂಜಿನ್ ತಡವರಿಸಿದರೆ ದೋಣಿ ಅಡ್ಡ ತಿರುಗುತ್ತದೆ.

ಪೆಟ್ರೋಲ್ ದುಬಾರಿ, ಸೀಮೆಎಣ್ಣೆ ಸರ್ಕಾರದ ರಿಯಾಯಿತಿಯಲ್ಲಿ ಸಿಗುತ್ತಿತ್ತು. ಹಾಗಾಗಿ ಇಲ್ಲಿ ನೆಲೆಯೂರಿದ್ದು ಜಪಾನಿನ ಸೀಮೆಎಣ್ಣೆ ಎಂಜಿನ್. ಅದನ್ನು ಎಬ್ಬಿಸುವುದೇ ಒಂದು ಕಲೆ. ತಣ್ಣಗಿರುವ ಎಂಜಿನ್ನಿನಲ್ಲಿ ಸೀಮೆಎಣ್ಣೆ ಹೊತ್ತುವುದಿಲ್ಲ. ಪುಟ್ಟ ಟ್ಯಾಂಕಿನ ಪೆಟ್ರೋಲಿನಲ್ಲಿ ಹಗ್ಗ ಎಳೆದು ಶುರುಮಾಡಿ, ಮೈ ಬಿಸಿಯಾದ ಮೇಲೆ ನಲ್ಲಿ ತಿರುವಿ ಸೀಮೆಎಣ್ಣೆಗೆ ಬರಬೇಕು. ದಡ ಮುಟ್ಟುವ ಮುನ್ನ ಮತ್ತೆ ಪೆಟ್ರೋಲಿಗೆ ತಿರುವಿ ಕಾರ್ಬ್ಯುರೇಟರ್ ತೊಳೆದುಕೊಳ್ಳಬೇಕು, ಮರೆತರೆ ಮರುದಿನ ಎಷ್ಟು ಎಳೆದರೂ ಏಳುವುದಿಲ್ಲ. ಪ್ಲಗ್ ಕಪ್ಪಾಗುತ್ತದೆ, ಬಿಚ್ಚಿ ತಂತಿಬ್ರಷ್ಷಿನಲ್ಲಿ ಉಜ್ಜಿ ಮತ್ತೆ ಹಾಕುತ್ತಾರೆ. ಹೊಗೆಯ ನಾತ ಬಟ್ಟೆಯಲ್ಲೇ ಉಳಿಯುತ್ತದೆ. ಇಷ್ಟೆಲ್ಲ ಇದ್ದರೂ ಅದನ್ನು ಕೈಬಿಡದ್ದಕ್ಕೆ ಕಾರಣ ಎರಡು: ಹೆಗಲ ಮೇಲೆ ಹೊತ್ತು ಮರಳು ದಾಟಬಹುದು, ಊರಿನ ಹುಡುಗನೇ ಬಿಚ್ಚಿ ಜೋಡಿಸಬಲ್ಲ.

ರಿಯಾಯಿತಿ ಸೀಮೆಎಣ್ಣೆ ಈಗ ಸರಿಯಾಗಿ ಸಿಗುವುದಿಲ್ಲ. 2023ರ ರಾಜ್ಯ ಬಜೆಟ್ಟಿನಲ್ಲಿ, ಪೆಟ್ರೋಲ್ ಅಥವಾ ಡೀಸೆಲ್ ಎಂಜಿನ್ನಿಗೆ ಬದಲಿಸಿಕೊಳ್ಳುವ ದೋಣಿಗೆ ತಲಾ 50 ಸಾವಿರ ರೂಪಾಯಿ ಸಹಾಯಧನ ಘೋಷಣೆಯಾಯಿತು. ಪೆಟ್ರೋಲಿನ ಫೋರ್-ಸ್ಟ್ರೋಕ್ ಕಡಿಮೆ ಕುಡಿಯುತ್ತದೆ, ಸದ್ದು ಕಡಿಮೆ, ಹೊಗೆ ಕಡಿಮೆ. ಅದಕ್ಕೆ ಹೊಂದಿಕೊಳ್ಳಲು ಮಾತ್ರ ಕೆಲವು ಅಭ್ಯಾಸ ಬದಲಾಗಬೇಕು. ಹಿಂದೆ ಕೂಡಿದ ಭಾರಕ್ಕೆ ಸರಿತೂಗಿಸಲು ಇಂಧನದ ಕ್ಯಾನನ್ನು ಮುಂದಕ್ಕೆ ಸರಿಸಬೇಕು. ಹಳೆಯ ಎಂಜಿನ್ನನ್ನು ಬಿಚ್ಚಿ ಮರಳ ಮೇಲೆ ಯಾವ ಮಗ್ಗುಲಿಗೆ ಮಲಗಿಸಿದರೂ ನಡೆಯುತ್ತಿತ್ತು. ಫೋರ್-ಸ್ಟ್ರೋಕಿನ ಹೊಟ್ಟೆಯಲ್ಲಿ ಆಯಿಲ್ ಇರುವುದರಿಂದ ಕಂಪನಿ ಹೇಳಿದ ಮಗ್ಗುಲಿಗೇ ಮಲಗಿಸಬೇಕು, ಇಲ್ಲವಾದರೆ ಆಯಿಲ್ ಸಿಲಿಂಡರಿಗೆ ಇಳಿಯುತ್ತದೆ. ಕೊಳ್ಳುವ ಮುನ್ನ ಅಂಗಡಿಯಲ್ಲೇ ಒಮ್ಮೆ ಬಿಚ್ಚಿಸಿ, ಇಬ್ಬರು ಹಿಡಿದು ಇಪ್ಪತ್ತು ಹೆಜ್ಜೆ ಹೊತ್ತು ನೋಡಿ.