ಪಾಟಣದ ಸೊಸೆ, ಕದಂಬರ ಮಗಳು

ಕಿಸೆಯಲ್ಲಿ ನೂರು ರೂಪಾಯಿಯ ಹೊಸ ನೋಟಿದ್ದರೆ ಹಿಂಬದಿ ತಿರುವಿ ನೋಡಿ. ಅಲ್ಲಿರುವುದು ಗುಜರಾತಿನ ಪಾಟಣದ ‘ರಾಣಿ ಕಿ ವಾವ್’ ಎಂಬ ಮೆಟ್ಟಿಲುಬಾವಿ. ಚೌಲುಕ್ಯ ದೊರೆ ಭೀಮದೇವನ ರಾಣಿ ಉದಯಮತಿ ಕಟ್ಟಿಸಿದ್ದು. ಅತ್ತೆಯ ಬಾವಿ ನೋಟಿಗೇ ಏರಿತು. ಸೊಸೆ ನಮ್ಮ ಕಡೆಯವಳು ಅನ್ನುವುದು ಹುಬ್ಬಳ್ಳಿ-ಧಾರವಾಡದಲ್ಲಿ ಎಷ್ಟು ಮಂದಿಗೆ ಗೊತ್ತು?

ಅವಳ ಹೆಸರು ಮಯಣಲ್ಲಾದೇವಿ. ಗೋವೆಯ ಕದಂಬ ದೊರೆ ಒಂದನೆಯ ಜಯಕೇಶಿಯ ಮಗಳು. ಧಾರವಾಡದ ಮಗ್ಗುಲಿನ ನರೇಂದ್ರದಲ್ಲಿ, ಶಂಕರಲಿಂಗನ ಗುಡಿಯ 1125ರ ಕನ್ನಡ ಶಾಸನ ಇದೇ ಮನೆತನದ್ದು. ಆಗ ಆ ಊರಿನ ಹೆಸರು ಕುಂದೂರು. ಜಯಕೇಶಿಯ ಮೊಮ್ಮಗ, ಅಂದರೆ ಮಯಣಲ್ಲೆಯನ್ನು ಸೋದರತ್ತೆ ಎನ್ನಬೇಕಾದ ಎರಡನೆಯ ಜಯಕೇಶಿ, ಕಲ್ಯಾಣದ ಆರನೆಯ ವಿಕ್ರಮಾದಿತ್ಯನ ಮಗಳು ಮೈಲಲದೇವಿಯನ್ನು ಮದುವೆಯಾಗಿದ್ದ. ವಂಶಾವಳಿಯ ಕಲ್ಲುಗಳ ರೀತಿಯೇ ಹಾಗೆ: ಮನೆಗೆ ಬಂದ ಸೊಸೆಗೆ ಜಾಗ ಸಿಕ್ಕೀತು, ಕೊಟ್ಟ ಮಗಳಿಗೆ ಸಿಗುವುದು ಅಪರೂಪ. ಮಗಳನ್ನು ನೆನೆದದ್ದು ಗುಜರಾತೇ.

ಭೀಮನ ಮಗ ಕರ್ಣನಿಗೂ ಇವಳಿಗೂ ಮದುವೆಯಾದ ಬಗೆಗೆ ಎರಡು ಕಥೆಗಳಿವೆ. ಹೇಮಚಂದ್ರನ ‘ದ್ವ್ಯಾಶ್ರಯ’ದಲ್ಲಿ ಕರ್ಣನ ಚಿತ್ರಪಟ ಕಂಡು ಇವಳು ಮನಸೋಲುತ್ತಾಳೆ, ಅವಳ ಚಿತ್ರ ಕಂಡು ಅವನು. 1305ರ ಸುಮಾರಿಗೆ ‘ಪ್ರಬಂಧಚಿಂತಾಮಣಿ’ ಬರೆದ ಮೇರುತುಂಗ ಹೇಳುವುದೇ ಬೇರೆ: ಹುಡುಗಿಗೆ ರೂಪವಿಲ್ಲವೆಂದು ಕರ್ಣ ಒಲ್ಲೆನೆಂದ, ಅವಳು ಸಖಿಯರೊಡನೆ ಬೆಂಕಿಗೆ ಬೀಳಲು ಹೊರಟಳು, ಉದಯಮತಿ ‘ನಾನೂ ಸಾಯುತ್ತೇನೆ’ ಎಂದು ಹಟ ಹಿಡಿದ ಮೇಲೆ ಮದುವೆ ನಡೆಯಿತು. ಹೇಮಚಂದ್ರ ಅವಳ ಮಗನ ಆಶ್ರಯದಲ್ಲಿದ್ದವನು, ಒಡೆಯನ ತಾಯಿಯ ಬಗ್ಗೆ ಇನ್ನೇನು ಬರೆದಾನು? ಮೇರುತುಂಗನೋ ಇನ್ನೂರು ವರ್ಷ ತಡವಾಗಿ ಬಂದವನು, ಕಥೆಯ ರುಚಿ ಹತ್ತಿದವನು. ಗೋಪಕಪಟ್ಟಣದಂಥ ಬಂದರು ಕೈಯಲ್ಲಿದ್ದ ಬೀಗರು ಯಾರಿಗೆ ಬೇಡ? ಚಿತ್ರಪಟಕ್ಕಿಂತ ಹಡಗುಗಳೇ ಈ ಸಂಬಂಧ ಕುದುರಿಸಿರಬೇಕು ಅಂತ ನನ್ನ ಗುಮಾನಿ.

ಕರ್ಣ ತೀರಿಕೊಂಡಾಗ ಮಗ ಜಯಸಿಂಹ ಇನ್ನೂ ಹುಡುಗ. ಮಂತ್ರಿಗಳನ್ನು ಜೊತೆಗಿಟ್ಟುಕೊಂಡು ರಾಜ್ಯ ನಡೆಸಿದವಳು ಕನ್ನಡನಾಡಿನ ಈ ವಿಧವೆ. ಆ ಮಗನೇ ಮುಂದೆ ಗುಜರಾತಿನ ಬಹುದೊಡ್ಡ ಅರಸನೆನಿಸಿದ ಸಿದ್ಧರಾಜ.

ಜನ ಅವಳನ್ನು ‘ಮೀನಲದೇವಿ’ ಎಂದು ನೆನೆಯುವುದು ಮಾತ್ರ ಬೇರೆ ಕಾರಣಕ್ಕೆ. ಸೋಮನಾಥದ ಯಾತ್ರೆಗೆ ಹೊರಟವಳು ಬಾಹುಲೋಡದ ಸುಂಕದ ಕಟ್ಟೆಯಲ್ಲಿ, ಕಟ್ಟಲು ಹಣವಿಲ್ಲದೆ ಅಳುತ್ತ ಹಿಂದಿರುಗುವ ಯಾತ್ರಿಕರನ್ನು ಕಂಡಳಂತೆ. ತಾನೂ ಅಲ್ಲಿಂದಲೇ ತಿರುಗಿಬಿಟ್ಟಳು. ವರ್ಷಕ್ಕೆ 72 ಲಕ್ಷದ ಹುಟ್ಟುವಳಿ ಎಂದು ಮೇರುತುಂಗ ಲೆಕ್ಕ ಕೊಡುವ ಆ ಸುಂಕದ ಪತ್ರವನ್ನು ಮಗ ಹರಿದುಹಾಕಿದ.

ಅಹಮದಾಬಾದಿನ ಹತ್ತಿರ ಧೋಳಕಾದಲ್ಲಿ ಅವಳು ತೋಡಿಸಿದಳೆನ್ನುವ ಮಲಾವ್ ಕೆರೆಯಿದೆ. ಕೆರೆಯ ಅಂಚಿಗೆ ಒಬ್ಬ ವೇಶ್ಯೆಯ ಮನೆ ಅಡ್ಡ ಬಂತು. ಎಷ್ಟು ಹಣ ಕೊಟ್ಟರೂ ಅವಳು ಮಾರಲಿಲ್ಲ. ರಾಣಿ ಬಲವಂತ ಮಾಡಲಿಲ್ಲ; ಕೆರೆಯ ಆಕಾರ ಕೆಟ್ಟರೆ ಕೆಡಲಿ ಎಂದು ಮನೆಯನ್ನು ಉಳಿಸಿದಳು. ನ್ಯಾಯ ನೋಡಬೇಕಿದ್ದರೆ ಮಲಾವ್ ನೋಡು ಎಂಬ ಗಾದೆ ಗುಜರಾತಿಯಲ್ಲಿ ಹುಟ್ಟಿದ್ದು ಹೀಗೆ. ರಸ್ತೆ ಅಗಲ ಮಾಡುವ ನಮ್ಮ ಕಾಲಕ್ಕೆ ಇದು ನಂಬಲಾಗದ ಸುದ್ದಿ! ವಿರಮಗಾಮದಲ್ಲಿ ಸುತ್ತಲೂ ಪುಟ್ಟ ಗುಡಿಗಳಿರುವ ಮುನಸರ ಕೆರೆಗೂ ಅವಳದೇ ಹೆಸರು.

1916ರಲ್ಲಿ ಕೆ. ಎಂ. ಮುನ್ಶಿ ‘ಪಾಟಣನೀ ಪ್ರಭುತಾ’ ಕಾದಂಬರಿಯಲ್ಲಿ ಅವಳನ್ನು ಮುಖ್ಯ ಪಾತ್ರವಾಗಿಸಿದ ಮೇಲಂತೂ ಮೀನಲ ಗುಜರಾತಿನ ಮನೆಮಾತಾದಳು.

ಅಹಮದಾಬಾದಿಗೆ ಹೋಗುವವರು ಅರ್ಧ ದಿನ ಬಿಡುವು ಮಾಡಿಕೊಂಡು ಧೋಳಕಾಕ್ಕೆ ಹೋಗಿ ಬನ್ನಿ. ಕೆರೆಯ ದಂಡೆಯಲ್ಲಿ ಯಾರಾದರೂ ರಾಣಿಯ ಕಥೆ ಹೇಳಲು ಬಂದರೆ, ಈಕೆ ನಮ್ಮ ಕಡೆಯ ಹುಡುಗಿ ಎಂದು ನೀವೂ ಒಂದು ಮಾತು ಹೇಳಿ.